ನಿಂಬೆಹಣ್ಣು ಬೇಡ ಅಂದರು ದೊಡ್ಡಮ್ಮ

ಬ್ರೈಡಲ್ ಶವರ್ ಮಾಡೋಣ ಅಂತ ಫೋನಿನಲ್ಲಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಮದುಮಗಳ ಸ್ನಾನಕ್ಕೆ ಅಷ್ಟು ಜನ ಎಂತಕ್ಕೆ?"

ನಾನು ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷ ಆಯಿತು. ಚಿಕ್ಕಮ್ಮನ ಮಗಳು ಪುಟ್ಟಿಯೂ ಇಲ್ಲೇ, ನಮ್ಮ ಮನೆಯಿಂದ ಅರ್ಧ ಗಂಟೆ ದೂರ. ಮದುವೆ ಮಾತ್ರ ಉಡುಪಿಯಲ್ಲಿ, ಫೆಬ್ರವರಿಯಲ್ಲಿ. ಆಫೀಸಿನ ಗೆಳತಿಯರ ಶವರ್‌ಗಳಿಗೆ ಹೋಗಿ ಹೋಗಿ ಅವಳಿಗೂ ಆಸೆ ಹುಟ್ಟಿತ್ತು. ನನಗೂ ಒಂದು ಬೇಕು, ಆದರೆ ಊರಲ್ಲೇ ಆಗಬೇಕು, ದೊಡ್ಡಮ್ಮ, ಅತ್ತೆ, ಅಜ್ಜಿ ಎಲ್ಲ ಇರಬೇಕು ಅಂತ ಹಟ ಹಿಡಿದಳು. ಥೀಮ್ ಆರಿಸುವ ಕೆಲಸ ನನ್ನ ತಲೆಗೆ ಬಂತು.

ಇಲ್ಲಿಯ ಶವರ್ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ. ಮದುವೆಗೆ ಕೆಲವು ವಾರ ಮೊದಲು ಹೆಂಗಸರೆಲ್ಲ ಸೇರಿ ಮದುಮಗಳಿಗೆ ಉಡುಗೊರೆ ಕೊಡುತ್ತಾರೆ, ತಿಂಡಿ ತಿನ್ನುತ್ತಾರೆ, ಆಟ ಆಡುತ್ತಾರೆ. ಟಾಯ್ಲೆಟ್ ಪೇಪರ್ ಸುತ್ತಿ ಮದುವೆ ಗೌನ್ ಮಾಡುವುದೂ ಒಂದು ಆಟ, ಸುಳ್ಳಲ್ಲ. ಉಡುಗೊರೆ ಯಾವುದು ಬೇಕು ಅಂತ ಮದುಮಗಳೇ ಅಂಗಡಿಯಲ್ಲಿ ಪಟ್ಟಿ ಬರೆಸಿಟ್ಟಿರುತ್ತಾಳೆ. ಎಲ್ಲರ ಎದುರೇ ಒಂದೊಂದಾಗಿ ಬಿಚ್ಚುತ್ತಾಳೆ, ಪಕ್ಕದಲ್ಲಿ ಒಬ್ಬಳು ಯಾರು ಏನು ಕೊಟ್ಟರು ಅಂತ ಬರೆದುಕೊಳ್ಳುತ್ತಾಳೆ, ಆಮೇಲೆ ಥ್ಯಾಂಕ್ಯೂ ಕಾರ್ಡ್ ಕಳಿಸಬೇಕಲ್ಲ. ಬಿಚ್ಚುವಾಗ ಎಷ್ಟು ರಿಬ್ಬನ್ ಹರಿಯುತ್ತದೋ ಅಷ್ಟು ಮಕ್ಕಳು ಅಂತ ಒಂದು ನಂಬಿಕೆಯೂ ಉಂಟು. ಹಿಂದೆಲ್ಲ ತಾಯಿ, ಅಕ್ಕತಂಗಿಯರು ಶವರ್ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ ಅನ್ನುತ್ತಿದ್ದರಂತೆ, ಮನೆಯವರೇ ಉಡುಗೊರೆ ಕೇಳಿದ ಹಾಗೆ ಆಗುತ್ತದೆ ಅಂತ. ಈಗ ಅದನ್ನು ಯಾರೂ ಅಷ್ಟು ನೋಡುವುದಿಲ್ಲ. ನಮ್ಮಲ್ಲೋ, ಕಾಗದದ ಕೊನೆಗೆ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚು ಹಾಕಿಸಿ ಕವರ್‌ಗಳ ಲೆಕ್ಕವನ್ನು ರಾತ್ರಿ ಬಾಗಿಲು ಹಾಕಿಕೊಂಡು ಬರೆಯುತ್ತೇವೆ.

ವಾಟ್ಸಾಪ್ ಗುಂಪು ಮಾಡಿದೆವು. ಇಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಬೆಳಿಗ್ಗೆ ಎಂಟು. ದೊಡ್ಡಮ್ಮ ದೋಸೆ ಹೊಯ್ಯುತ್ತಲೇ ವಿಡಿಯೋಗೆ ಬರುತ್ತಿದ್ದರು, ಅರ್ಧ ಮಾತು ಚುಂಯ್ ಅನ್ನುವ ಸದ್ದಿನಲ್ಲೇ ಹೋಗುತ್ತಿತ್ತು.

ಪುಟ್ಟಿ ಮೊದಲು ಕಳಿಸಿದ್ದು ನಿಂಬೆಹಣ್ಣಿನ ಥೀಮ್. ಇಲ್ಲಿ ಅದು ತುಂಬಾ ನಡೆಯುತ್ತದೆ. ಹಳದಿ ಬಲೂನು, ಲೆಮನ್ ಕೇಕ್, ಮೇಜಿನ ಮೇಲೆ ನಿಂಬೆಹಣ್ಣಿನ ಗೊಂಚಲು. ದೊಡ್ಡಮ್ಮ ಫೋಟೋ ದೊಡ್ಡದು ಮಾಡಿ ನೋಡಿದರು. "ಬಾಗಿಲಿಗೆ ನಿಂಬೆಹಣ್ಣು ಕಟ್ಟುದು ದೃಷ್ಟಿಗೆ ಮಾರಾಯ್ತಿ. ನಡುವೆ ಒಂದೊಂದು ಮೆಣಸು ಸಿಕ್ಕಿಸಿದ್ರೆ ಲಾರಿಗೂ ಆಗ್ತದೆ." ಅಲ್ಲಿಗೆ ಅದು ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಮಂಗಳೂರಿನ ಡೆಕೊರೇಶನ್‌ನವರೊಬ್ಬರು ಪ್ಲಾಸ್ಟಿಕ್ ನಿಂಬೆಹಣ್ಣಿಗೇ 40 ಸಾವಿರ ಹೇಳಿದ್ದರು.

ಎರಡನೆಯದು ಬೋಹೋ. ಪಾಂಪಾಸ್ ಹುಲ್ಲು ಒಣಗಿಸಿ ಹೂದಾನಿಯಲ್ಲಿಡುವುದು. "ಬೈಹುಲ್ಲು ಚಾವಡಿಗೆ ಯಾಕೆ?" ಅಂದರು ಅತ್ತೆ. ಮೂರನೆಯದು ಎಲ್ಲ ಬಿಳಿ. ಅದನ್ನು ಅಜ್ಜಿಗೆ ತೋರಿಸಲೇ ಇಲ್ಲ.

ಮಲ್ಲಿಗೆ ಥೀಮ್ ನನ್ನದು, ಒಪ್ಪಿಕೊಳ್ಳುತ್ತೇನೆ. ಉಡುಪಿ ಹತ್ತಿರದ ಶಂಕರಪುರದ ಮಲ್ಲಿಗೆಗಿಂತ ಚೆಂದ ಏನಿದೆ ಅಂತ ಗೋಡೆ ತುಂಬ ಇಳಿಬಿಡುವ ಕನಸು ಕಂಡಿದ್ದೆ. ಚಿಕ್ಕಮ್ಮ ಲೆಕ್ಕ ಹೇಳಿದರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಮದುವೆ ಸೀಸನ್‌ನಲ್ಲಿ ಅಟ್ಟೆಯ ರೇಟು ಬೆಳಿಗ್ಗೆ ಎದ್ದು ಕೇಳಿದ ಮೇಲೇ ಗೊತ್ತಾಗುವುದು. ಒಂದು ಗೋಡೆಗೆ ಎಷ್ಟು ಅಟ್ಟೆ ಅಂತ ಗುಣಿಸಿ ನಾನೇ ಸುಮ್ಮನಾದೆ. ತಲೆಗೆ ಮುಡಿಯುವ ಹೂವನ್ನು ಗೋಡೆಗೆ ಮುಡಿಸುವುದೂ ಅಷ್ಟು ಸರಿ ಕಾಣಲಿಲ್ಲ.

ಆಗ ನೆನಪಾದದ್ದು ಇಲ್ಲಿ ಮೊದಲು ಒಮ್ಮೆ ನೋಡಿದ್ದ "ಅರೌಂಡ್ ದ ಕ್ಲಾಕ್" ಶವರ್. ಹಳೇ ಥೀಮ್ ಅದು. ಬರುವ ಒಬ್ಬೊಬ್ಬರಿಗೂ ದಿನದ ಒಂದೊಂದು ಗಂಟೆ ಕೊಡುತ್ತಾರೆ, ಆ ಹೊತ್ತಿಗೆ ಬೇಕಾಗುವ ವಸ್ತುವನ್ನು ಅವರು ತರಬೇಕು. ಬಲೂನು ಬೇಡ, ಬಣ್ಣದ ಜಗಳವಿಲ್ಲ. ನಿಜ ಹೇಳಬೇಕೆಂದರೆ ಉಳಿದ ಥೀಮ್‌ಗಳಲ್ಲಿ ನಮ್ಮ ಮನೆ ಹೆಂಗಸರಿಗೆ ಕೂತು ನೋಡುವ ಕೆಲಸ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಊರಿಗೆ ಹೋದ ಮರುದಿನವೇ ಗೆರಸೆಯಲ್ಲಿ ಚೀಟಿ ಹಾಕಿ ಎತ್ತಿಸಿದೆವು. ಬೆಳಿಗ್ಗೆ ಆರು ಗಂಟೆ ದೊಡ್ಡಮ್ಮನಿಗೆ, ಹಿತ್ತಾಳೆಯ ಕಾಫಿ ಫಿಲ್ಟರ್ ಬಂತು. ಸಂಜೆ ಏಳು ಚಿಕ್ಕಮ್ಮನಿಗೆ, ಕಾಲುದೀಪ. ರಾತ್ರಿ ಹನ್ನೊಂದು ಅತ್ತೆಗೆ ಬಂದಾಗ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು, ಅತ್ತೆ ಮುಖ ಗಂಟಿಕ್ಕಿಕೊಂಡರು. ಶವರ್ ದಿನ ಅವರ ಪೊಟ್ಟಣ ಬಿಚ್ಚಿದರೆ ಟಾರ್ಚ್! "ಕರೆಂಟ್ ಹೋದ್ರೆ ಬೇಡವಾ?" ಅಂದರು. ನ್ಯೂಜೆರ್ಸಿಯಲ್ಲಿ ಕರೆಂಟ್ ಹೋಗುವುದು ಅಪರೂಪ ಅಂತ ಹೇಳುವ ಧೈರ್ಯ ಯಾರಿಗಿತ್ತು?

ಪಕ್ಕದ ಮನೆಯ ಕ್ಯಾಥೊಲಿಕ್ ಆಂಟಿ ಎಲ್ಲ ನೋಡಿ, ಇದು ನಮ್ಮ ರೋಸ್ ಥರವೇ ಅಲ್ವಾ ಅಂದರು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಸ್ನಾನ ಮಾಡಿಸುತ್ತಾರಲ್ಲ, ಅದು. ಅಜ್ಜಿ ನನ್ನ ಕಡೆ ತಿರುಗಿ, "ನಾನು ಆಗಲೇ ಹೇಳಿದೆ, ಸ್ನಾನವೇ ಅಂತ" ಅಂದರು. ಗೆದ್ದ ಖುಷಿ ಮುಖದ ಮೇಲೆ.

ಅಜ್ಜಿಯ ಚೀಟಿ ಬೆಳಿಗ್ಗೆ ಹತ್ತು ಗಂಟೆ. ಅವರಿಗೆ ಅದು ಕಾಯಿ ಹೆರೆಯುವ ಹೊತ್ತು. ಹಳೇ ಸೀರೆಯಲ್ಲಿ ಸುತ್ತಿ ತಂದದ್ದು ಅವರದೇ ಮೆಟ್ಟುಕತ್ತಿ. ಹಲಸಿನ ಮರದ ಮಣೆ, ಕೂತು ಕೂತು ನಡುವೆ ತಗ್ಗಾಗಿ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು. ತುದಿಯ ಹೆರೆಯುವ ಹಲ್ಲುಗಳು ಒಂದು ಪಕ್ಕ ಮಾತ್ರ ಸವೆದಿದ್ದವು, ಅಜ್ಜಿ ಎಡಗೈಯವರು. ಹೊಸದು ತರೋಣ ಅಂತ ಹೇಳಿದ್ದೆ, ಇದರ ಹದ ಹೊಸದಕ್ಕೆ ಬರುವುದಿಲ್ಲ ಅಂದರು. ಪುಟ್ಟಿ ಬಲಗೈಯವಳು.

ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆ ತೂಗಿದರೆ 26 ಕಿಲೋ, ಬಿಡುವುದು 23. ಪುಟ್ಟಿ ಎರಡು ಜೊತೆ ಚಪ್ಪಲಿ, ಒಂದು ರೇಷ್ಮೆ ಸೀರೆ ತೆಗೆದಿಟ್ಟಳು, ಟಾರ್ಚ್ ನನ್ನ ಬ್ಯಾಗಿಗೆ ಬಂತು. ಅಜ್ಜಿ ಮಂಚದ ಮೇಲೆ ಕೂತು ನೋಡುತ್ತಿದ್ದವರು ಕೇಳಿದರು, "ಅಲ್ಲಿ ಒಳ್ಳೆ ಕಾಯಿ ಸಿಗ್ತದಾ?"

ಸಿಗ್ತದೆ ಅಜ್ಜಿ, ಅಂದೆವು ಇಬ್ಬರೂ ಒಟ್ಟಿಗೆ. ಫ್ರಿಜ್ಜಿನಲ್ಲಿರುವ ತುರಿದ ಕಾಯಿಯ ಪ್ಯಾಕೆಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.