ಸ್ಕ್ಯಾನ್ ಇರುವಾಗ ಗಡಿಯಾರ ಯಾಕೆ ಬರೆಸುತ್ತೀರಿ?

"ಡಾಕ್ಟ್ರೇ, ಎಂ.ಆರ್.ಐ. ಮಾಡಿಸಿದ್ದೀವಲ್ಲ, ಮತ್ತೆ ಈ ಗಡಿಯಾರ ಬರೆಸೋದು, ನೂರರಿಂದ ಏಳೇಳು ಕಳೆಸೋದು ಯಾಕೆ?"

ನರರೋಗ ವೈದ್ಯನಾಗಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಅಪ್ಪನನ್ನೋ ಅತ್ತೆಯನ್ನೋ ಕರೆತಂದವರು ಕೇಳುತ್ತಾರೆ. ಕಿರಿಯ ವೈದ್ಯರು ಇದನ್ನೇ ಬೇರೆ ಥರ ಕೇಳುತ್ತಾರೆ: ಇಷ್ಟು ವರ್ಷ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಕಾಯಿಲೆ), ಸ್ಟ್ರೋಕ್ ಅಂತ ಸಂಶೋಧನೆ ಮಾಡಿದವರು ಕಾಗದ-ಪೆನ್ಸಿಲ್ಲಿಗೇ ಯಾಕೆ ಅಂಟಿಕೊಂಡಿರಿ? ಒ.ಪಿ.ಡಿ.ಯ ಗದ್ದಲದಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ಎಪ್ಪತ್ತು ದಾಟಿದವರ ಸ್ಕ್ಯಾನಿನಲ್ಲಿ ಮಿದುಳು ತುಸು ಕುಗ್ಗಿರುವುದು, ಅಲ್ಲಲ್ಲಿ ಬಿಳಿ ಚುಕ್ಕೆ ಕಾಣುವುದು ಸಾಮಾನ್ಯ. ಹೆಚ್ಚುಕಡಿಮೆ ಅಂಥದೇ ಚಿತ್ರ ಇಟ್ಟುಕೊಂಡು ಒಬ್ಬರು ಇವತ್ತಿಗೂ ಮನೆಯ ಲೆಕ್ಕಪತ್ರ ನೋಡುತ್ತಾರೆ, ಇನ್ನೊಬ್ಬರಿಗೆ ತಮ್ಮ ಮನೆಯಲ್ಲೇ ಬಚ್ಚಲು ಯಾವ ಕಡೆ ಎಂದು ತಿಳಿಯುವುದಿಲ್ಲ. ಈ ವ್ಯತ್ಯಾಸ ಫಿಲ್ಮಿನಲ್ಲಿ ಸಿಗುವುದಿಲ್ಲ. ಕೇಳಿದರೆ, ಮಾಡಿಸಿದರೆ ಸಿಗುತ್ತದೆ.

ಗಡಿಯಾರವನ್ನೇ ನೋಡಿ. ದುಂಡಗೆ ಗೆರೆ ಎಳೆದು, ಅಂಕಿ ತುಂಬಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎನ್ನುತ್ತೇವೆ. ಬಲಮಿದುಳಿನ ಹಿಂಭಾಗದಲ್ಲಿ ಸ್ಟ್ರೋಕ್ ಆದವರು ಕೆಲವೊಮ್ಮೆ ಹನ್ನೆರಡೂ ಅಂಕಿಗಳನ್ನು ಬಲ ಅರ್ಧದೊಳಗೇ ತುರುಕಿ, ಆಯ್ತು ಎಂದು ಪೆನ್ಸಿಲ್ ಕೆಳಗಿಡುತ್ತಾರೆ. ಅವರ ಕಣ್ಣು ಚೆನ್ನಾಗಿಯೇ ಇರುತ್ತದೆ. ಎಡಗಡೆ ಎಂಬುದೇ ಅವರ ಗಮನದಿಂದ ಅಳಿಸಿಹೋಗಿರುತ್ತದೆ. ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲಿ ಮುಖ್ಯವಾದ ಅಲ್ಜೈಮರ್ ಕಾಯಿಲೆಯವರು ಅಂಕಿಗಳನ್ನು ನೀಟಾಗಿ ಕೂರಿಸಿ, ಒಂದು ಮುಳ್ಳನ್ನು ಹನ್ನೊಂದಕ್ಕೂ ಇನ್ನೊಂದನ್ನು ಹತ್ತಕ್ಕೂ ಎಳೆಯುವುದುಂಟು. 'ಹತ್ತು' ಎಂದು ಕಿವಿಗೆ ಬಿದ್ದಿದೆ. ಹತ್ತು ನಿಮಿಷವೆಂದರೆ ಮುಳ್ಳು ಎರಡರ ಮೇಲೆ ಇರಬೇಕು ಎಂಬ ತಿಳಿವಳಿಕೆ ಸವೆದಿದೆ. ಸಣ್ಣ ರಕ್ತನಾಳಗಳು ಕಟ್ಟಿಕೊಂಡವರು ಎಲ್ಲಿಂದ ಶುರು ಮಾಡುವುದೆಂದು ತೋಚದೆ ಬಹಳ ಹೊತ್ತು ಸುಮ್ಮನಿರುತ್ತಾರೆ.

ನೆನಪಿನ ಪರೀಕ್ಷೆಯೂ ಹೀಗೇ. ಐದು ಪದ ಹೇಳಿಕೊಟ್ಟು ಐದು ನಿಮಿಷ ಬಿಟ್ಟು ಕೇಳಿದಾಗ ಇಬ್ಬರಿಗೂ ಒಂದೂ ಬರಲಿಲ್ಲ ಅನ್ನಿ. ಇಬ್ಬರದ್ದೂ ಸೊನ್ನೆ. 'ಅದೊಂದು ಹೂವು' ಎಂದು ಸುಳಿವು ಕೊಟ್ಟಾಗ ಒಬ್ಬರಿಗೆ ಥಟ್ಟನೆ ನೆನಪಾಗುತ್ತದೆ: ಪದ ಒಳಗಿತ್ತು, ತೆಗೆಯಲು ಆಗುತ್ತಿರಲಿಲ್ಲ. ರಕ್ತನಾಳದ ತೊಂದರೆಯಲ್ಲಿ ಇದು ಹೆಚ್ಚು. ಇನ್ನೊಬ್ಬರಿಗೆ ಸುಳಿವಿನಿಂದಲೂ ಏನೂ ಬರುವುದಿಲ್ಲ, ಏಕೆಂದರೆ ಆ ಪದ ಒಳಗೆ ಇಳಿದೇ ಇರಲಿಲ್ಲ. ಅಲ್ಜೈಮರ್ ಕಾಯಿಲೆ ಮೊದಲು ಕೈಹಾಕುವ ಜಾಗಗಳಲ್ಲಿ ಹೊಸ ನೆನಪನ್ನು ಕೂಡಿಡುವ ಹಿಪ್ಪೋಕ್ಯಾಂಪಸ್ ಒಂದು. ಎಷ್ಟು ತಪ್ಪಾಯಿತು ಎನ್ನುವುದಕ್ಕಿಂತ ಹೇಗೆ ತಪ್ಪಾಯಿತು ಎಂದು ನೋಡುವುದರಲ್ಲೇ ನನ್ನ ಕೆಲಸದ ಬಹುಪಾಲು ಕಳೆದಿದೆ.

ಈ ವಿದ್ಯೆ ಶುರುವಾದದ್ದೂ ಪ್ರಶ್ನೆಯಿಂದಲೇ. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯೊಂದರಲ್ಲಿ ಅಲೋಯಿಸ್ ಅಲ್ಜೈಮರ್ 51 ವರ್ಷದ ಒಬ್ಬ ಮಹಿಳೆಯ ಎದುರು ಕೂತಿದ್ದರು. ಆಕೆ ಹಂದಿಮಾಂಸ, ಹೂಕೋಸು ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರು. ಪಾಲಕ್ ಎಂದರು ಆಕೆ. ಅಲ್ಜೈಮರ್ ಇಂಥ ಉತ್ತರಗಳನ್ನು ತಪ್ಪದೆ ಬರೆದಿಟ್ಟರು. ಆಕೆ 1906ರಲ್ಲಿ ತೀರಿಕೊಂಡರು. ಸೂಕ್ಷ್ಮದರ್ಶಕದ ಸರದಿ ಬಂದದ್ದು ಆಮೇಲೆ. 1968ರಲ್ಲಿ ನ್ಯೂಕ್ಯಾಸಲ್‌ನ ಬ್ಲೆಸ್ಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು ಇದನ್ನು ಎಣಿಕೆಗೆ ತಂದರು. ವೃದ್ಧರು ಬದುಕಿದ್ದಾಗ ಪ್ರಶ್ನೆ ಕೇಳಿ ಅಂಕ ಬರೆದಿಟ್ಟರು, ಅವರು ಹೋದ ಮೇಲೆ ಮಿದುಳಿನಲ್ಲಿ ಕೂಡಿದ ಪ್ರೋಟೀನ್ ಉಂಡೆಗಳನ್ನು, ಅಂದರೆ ಪ್ಲಾಕ್‌ಗಳನ್ನು ಎಣಿಸಿದರು. ಪ್ಲಾಕ್ ಹೆಚ್ಚಿದ್ದವರ ಅಂಕ ಹೆಚ್ಚು ಕೆಟ್ಟಿತ್ತು. ಅರವತ್ತಕ್ಕೆ ಅರಳುಮರಳು ಎಂದು ಜನ ಕೈಚೆಲ್ಲಿ ಕೂರುತ್ತಿದ್ದ ಸಂಗತಿಗೆ ಎಣಿಸಬಹುದಾದ ಕಾರಣ ಸಿಕ್ಕಿತು. ಆ ಪ್ರಬಂಧ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಾನು ಹೊರಟದ್ದು ಸ್ಟ್ರೋಕ್ ಕಡೆಯಿಂದ. ಕೈಕಾಲಿಗೆ ಶಕ್ತಿ ಬಂತೇ, ಮಾತು ಬಂತೇ, ಹಾಗಾದರೆ ಮನೆಗೆ ಹೋಗಿ ಎನ್ನುತ್ತಿದ್ದೆವು. ಒಬ್ಬರ ಹೆಂಡತಿ ಮೂರು ತಿಂಗಳು ಬಿಟ್ಟು ಬಂದು ಹೇಳಿದರು: "ನಡೀತಾರೆ, ಮಾತಾಡ್ತಾರೆ. ಆದರೆ ಒಂದು ಕೆಲಸ ಶುರು ಮಾಡಿದ್ರೆ ಮುಗಿಸೋಕೆ ಬರಲ್ಲ. ಇವರು ಮೊದಲಿನವರಲ್ಲ ಸಾರ್." ಆಗ ನಮ್ಮ ಕೈಲಿದ್ದದ್ದು 1975ರಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ರೂಪಿಸಿದ ಎಂ.ಎಂ.ಎಸ್.ಇ. ಎಂಬ, ನೆನಪು-ಯೋಚನೆ ಅಳೆಯುವ ಪುಟ್ಟ ಪರೀಕ್ಷೆ ಮಾತ್ರ. ಮೂವತ್ತಕ್ಕೆ ಇಪ್ಪತ್ತೆಂಟು ಬಂತು. ಸರಿಯಾಗಿದ್ದಾರೆ ಎಂದು ಬರೆದು ಕಳಿಸಿದೆ. ಆ ಪರೀಕ್ಷೆಯಲ್ಲಿ ಯೋಜನೆ ಹಾಕುವ, ಕೆಲಸದಿಂದ ಕೆಲಸಕ್ಕೆ ಮನಸ್ಸು ಹೊರಳಿಸುವ ಶಕ್ತಿಯನ್ನು ಅಳೆಯುವ ಪ್ರಶ್ನೆ ಇಲ್ಲವೇ ಇಲ್ಲ ಎನ್ನಬಹುದು. ಆಕೆಯ ಮಾತೇ ಸರಿ, ನನ್ನ ಕಾಗದ ತಪ್ಪು. 2005ರಲ್ಲಿ ನಸ್ರುದ್ದೀನ್ ಮತ್ತು ಸಂಗಡಿಗರು ಪ್ರಕಟಿಸಿದ ಮೊಕಾ ಪರೀಕ್ಷೆ ಈ ಕೊರತೆಯನ್ನು ಬಹಳಷ್ಟು ತುಂಬಿತು.

ಸ್ಟ್ರೋಕ್ ಬೇರೆ, ಮರೆವಿನ ಕಾಯಿಲೆ ಬೇರೆ ಎಂದು ನಾವು ಕಲಿತ ಗೋಡೆಯೂ ನಿಲ್ಲಲಿಲ್ಲ. ಅಮೆರಿಕದ 678 ಕ್ರೈಸ್ತ ಸನ್ಯಾಸಿನಿಯರು ಬದುಕಿದ್ದಾಗ ಪರೀಕ್ಷೆಗೆ ಕೂತು, ತೀರಿಕೊಂಡ ಮೇಲೆ ಮಿದುಳು ದಾನ ಮಾಡಲು ಒಪ್ಪಿದ್ದ ಅಧ್ಯಯನ ಇದನ್ನು ತೋರಿಸಿತು. 1997ರಲ್ಲಿ ಬಂದ ಅದರ ವರದಿಯ ಪ್ರಕಾರ, ಮಿದುಳಿನಲ್ಲಿ ಅಲ್ಜೈಮರ್ ಗುರುತುಗಳಿದ್ದವರ ಪೈಕಿ ಆಳದಲ್ಲಿ ಒಂದೆರಡು ಪುಟ್ಟ ಸ್ಟ್ರೋಕ್ ಆಗಿದ್ದವರಲ್ಲಿ ಡಿಮೆನ್ಷಿಯಾ ಬಹಳ ಹೆಚ್ಚಿತ್ತು. ಪ್ಲಾಕ್ ತೆಗೆಯಲು ಆಗದ ಕಾಲದಲ್ಲೂ ಬಿ.ಪಿ. ಇಳಿಸಲು ನಮಗೆ ಬರುತ್ತಿತ್ತು! 2019ರ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಮೇಲಿನ ಬಿ.ಪಿ.ಯನ್ನು 140ರ ಬದಲು 120ರ ಒಳಗೆ ತರುವ ಗುರಿ ಇಟ್ಟವರಲ್ಲಿ ಡಿಮೆನ್ಷಿಯಾಕ್ಕೆ ಮುಂಚಿನ ಸೌಮ್ಯ ಮರೆವು ಕಡಿಮೆ ಕಂಡಿತು. ಡಿಮೆನ್ಷಿಯಾ ವಿಷಯದಲ್ಲಿ ಮಾತ್ರ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಬರಲಿಲ್ಲ. ಆದರೂ ನಾನು ಪ್ರತಿಯೊಬ್ಬರ ಬಿ.ಪಿ. ನೋಡದೆ ಬಿಡುವುದಿಲ್ಲ.

ಇನ್ನೊಂದು ತಪ್ಪು ಇವತ್ತಿಗೂ ಚುಚ್ಚುತ್ತದೆ. ಶಾಲೆಯ ಮುಖವನ್ನೇ ನೋಡದ ಒಬ್ಬ ಅಜ್ಜಿಗೆ ಎಂ.ಎಂ.ಎಸ್.ಇ.ಯಲ್ಲಿ ಹದಿನೇಳು ಅಂಕ ಬಂತು, ಡಿಮೆನ್ಷಿಯಾ ಎಂದು ಬರೆದೆ. ಯಾರಿಗೆ ಎಷ್ಟು ಸಾಲ ಕೊಟ್ಟಿದ್ದೇನೆ, ಎಷ್ಟು ಬಡ್ಡಿ ಬರಬೇಕು ಎಂದು ಅವರು ಬಾಯಿಲೆಕ್ಕದಲ್ಲೇ ಹೇಳುತ್ತಿದ್ದರು ಎಂದು ಮಗಳು ಆಮೇಲೆ ತಿಳಿಸಿದಳು. ನಾನು ಅಳೆದದ್ದು ಅವರ ಮಿದುಳನ್ನಲ್ಲ, ಅವರಿಗೆ ಸಿಗದೇ ಹೋದ ಶಾಲೆಯನ್ನು. ಪೆನ್ಸಿಲ್ಲನ್ನೇ ಹಿಡಿಯದ ಕೈಗೆ ಐದು ಮೂಲೆಯ ಚಿತ್ರ ನಕಲು ಮಾಡಿ ಎಂದರೆ ಏನು ಬರೆದೀತು? 1995ರಲ್ಲಿ ಪ್ರಕಟವಾದ, ಅದೇ ಪರೀಕ್ಷೆಯ ಹಿಂದಿ ಆವೃತ್ತಿಯನ್ನು ಸಿದ್ಧಪಡಿಸಿದವರು ಇದಕ್ಕೆ ದಾರಿ ತೋರಿಸಿದ್ದರು. ಏಳೇಳು ಕಳೆಯುವ ಬದಲು ವಾರದ ದಿನಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಿದರು. 'ಕಣ್ಣು ಮುಚ್ಚಿ' ಎಂದು ಬರೆದದ್ದನ್ನು ಓದಿಸುವ ಬದಲು, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಎಂದು ತಾವೇ ಕಣ್ಣು ಮುಚ್ಚಿ ತೋರಿಸಿದರು. ಅಳೆಯುವ ಶಕ್ತಿ ಅದೇ, ಬಾಗಿಲು ಮಾತ್ರ ಬೇರೆ. ಪರೀಕ್ಷೆಯನ್ನು ಭಾಷಾಂತರ ಮಾಡಿದರೆ ಸಾಲದು, ಎದುರು ಕೂತವರ ಬದುಕಿಗೆ ತಕ್ಕಂತೆ ಕಟ್ಟಬೇಕು. ಆಮೇಲಿನ ನನ್ನ ಸಂಶೋಧನೆಯೆಲ್ಲ ಆ ಅಜ್ಜಿಯಿಂದ ಹುಟ್ಟಿದ್ದು.

ಹೀಗೆ ಕಟ್ಟಿದಾಗಲೇ ಹೊಸ ಸಂಗತಿ ಸಿಗುತ್ತದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾ ಇದ್ದ 648 ಜನರನ್ನು ನೋಡಿ 2013ರಲ್ಲಿ ವರದಿ ಮಾಡಿದರು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಇಲ್ಲದವರಲ್ಲೂ ಈ ವ್ಯತ್ಯಾಸವಿತ್ತು.

ಈಗ ಅಲ್ಜೈಮರ್ ಗುರುತಿಸುವ ರಕ್ತಪರೀಕ್ಷೆ ಬಂದಿದೆ, ಪ್ಲಾಕ್‌ನಲ್ಲಿರುವ ಅಮೈಲಾಯ್ಡ್ ಪ್ರೋಟೀನನ್ನು ಕರಗಿಸುವ ಲೆಕನೆಮ್ಯಾಬ್ ಬಂದಿದೆ, ಇನ್ನು ಪ್ರಶ್ನೆ ಯಾಕೆ ಎನ್ನುವವರಿಗೆ ಒಂದು ಮಾತು. ಆ ಔಷಧ 18 ತಿಂಗಳಲ್ಲಿ ಕಾಯಿಲೆಯ ಓಟವನ್ನು ಶೇ. 27ರಷ್ಟು ನಿಧಾನಿಸಿತು ಎಂಬ ಅಂಕಿ ಬಂದದ್ದು ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ಕೇಳಿದ ಪ್ರಶ್ನೆಗಳಿಂದ. ಹದಿನೆಂಟು ಅಂಕದ ಮಾಪನದಲ್ಲಿ ಆ ಅಂತರ ಅರ್ಧ ಅಂಕಕ್ಕಿಂತ ಕಡಿಮೆ. ಪ್ಲಾಕ್ ಕರಗಿದ್ದನ್ನು ಸ್ಕ್ಯಾನ್ ತೋರಿಸಿತು. ಮನುಷ್ಯನಿಗೆ ಎಷ್ಟು ಉಪಯೋಗವಾಯಿತು ಎಂಬುದನ್ನು ಕೇಳಿಯೇ ತಿಳಿಯಬೇಕಾಯಿತು.

ಜೊತೆಗೆ ಬರುವವರಲ್ಲಿ ನನ್ನದೊಂದು ಕೋರಿಕೆ. ಕನ್ನಡಕ, ಕಿವಿಯ ಯಂತ್ರ ಮರೆಯದೆ ತನ್ನಿ. ಕಿವಿ ಕೇಳದೆ ತಪ್ಪಿದ ಉತ್ತರವೂ ಮರೆವಿನ ಲೆಕ್ಕಕ್ಕೆ ಹೋಗುತ್ತದೆ. ಪಕ್ಕದಿಂದ ಉತ್ತರ ಪಿಸುಗುಡಬೇಡಿ. ಇವತ್ತು ಯಾವ ವಾರ ಎಂದು ಕೇಳಿದಾಗ ಅವರು ಕತ್ತು ತಿರುಗಿಸಿ ನಿಮ್ಮ ಮುಖ ನೋಡಿದರೆ, ಅದನ್ನೂ ನಾನು ಬರೆದುಕೊಳ್ಳುತ್ತೇನೆ. ಅಲ್ಜೈಮರ್ ಕಾಯಿಲೆಯಲ್ಲಿ ಹಾಗೆ ತಿರುಗುವುದು ಹೆಚ್ಚು. ಬರುವ ಮುಂಚೆ ಒಂದು ವಿಷಯ ಯೋಚಿಸಿಕೊಂಡು ಬನ್ನಿ: ಒಂದು ವರ್ಷದ ಹಿಂದೆ ತಾವಾಗಿಯೇ ಮಾಡುತ್ತಿದ್ದ ಯಾವ ಕೆಲಸವನ್ನು ಅವರು ಈಗ ನಿಮಗೆ ಬಿಟ್ಟಿದ್ದಾರೆ? ನಾನು ಮೊದಲು ಕೇಳುವುದು ಅದನ್ನೇ.