ಮೂರು ಮೆಟ್ಟಿಲಿಗೆ 18 ಅಡಿ

ಮುಂಬೈಯ ಮಾಟುಂಗಾದ ಒಂದು ಹಳೇ ಉಡುಪಿ ಹೋಟೆಲಿನ ರಿಪೇರಿ ಕೆಲಸ ಈ ವರ್ಷ ನನ್ನ ಕೈಗೆ ಬಂತು. ಯಜಮಾನರು ಕುಂದಾಪುರದ ಕಡೆಯವರು. “ನಲವತ್ತು ವರ್ಷ ನಮ್ಮಲ್ಲಿ ಕಾಫಿ ಕುಡಿದವರು ಈಗ ವೀಲ್‌ಚೇರಲ್ಲಿ ಬಂದು ಹೊರಗೇ ನಿಲ್ತಾರೆ ಮಾರಾಯ್ರೇ. ಅವರು ಒಳಗೆ ಬರಬೇಕು,” ಅಂದಿದ್ದರು.

ಬಾಗಿಲಿಗೆ ಮೂರು ಮೆಟ್ಟಿಲು. ಜಾಗ ಕಡಿಮೆ ಅಂತ ಐದೇ ಅಡಿಯ ರ‍್ಯಾಂಪ್ ಕಟ್ಟಿಸಿದೆ. ಮೊದಲ ದಿನವೇ ಒಬ್ಬ ಹಿರಿಯರನ್ನು ಮಗಳು ತಳ್ಳಿಕೊಂಡು ಬಂದರು. ಅರ್ಧ ಏರುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರಿತು, ಸಪ್ಲೈಯರ್ ಹುಡುಗ ಓಡಿಬಂದು ಹಿಡಿದ. ಆಕೆ ಬೈಯಲಿಲ್ಲ. “ಹತ್ತಿಸೋದಿರಲಿ, ಇಳಿಸುವಾಗ ನಾನೊಬ್ಬಳೇ ಹೇಗೆ ತಡೀಲಿ?” ಅಂತ ಕೇಳಿದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಲೆಕ್ಕ ನನಗೆ ಗೊತ್ತಿಲ್ಲದ್ದಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಮೆಟ್ಟಿಲು ಅಂದರೆ 450 ಮಿ.ಮೀ., ಅದಕ್ಕೆ 5.4 ಮೀಟರ್ ಬೇಕು, ಹತ್ತಿರ ಹತ್ತಿರ 18 ಅಡಿ. ಸಾಲದ್ದಕ್ಕೆ ನಾನು ಕಟ್ಟಿಸಿದ್ದರ ತುದಿ ಫುಟ್‌ಪಾತಿಗೆ ಚಾಚಿತ್ತು. ವೀಲ್‌ಚೇರಿಗೆಂದು ಕಟ್ಟಿದರೂ ಒತ್ತುವರಿ ಒತ್ತುವರಿಯೇ. ಕಣ್ಣು ಕಾಣದವರು ಕೋಲೂರಿ ನಡೆಯುವುದೂ ಅದೇ ಫುಟ್‌ಪಾತಿನ ಮೇಲೆ. ಆ ವಾರವೇ ಒಡೆಸಿದೆ.

ಒಳಗಿನ ನೆಲವನ್ನೇ ತಗ್ಗಿಸೋಣ ಅಂದ ಮೇಸ್ತ್ರಿ. ಆಗದ ಮಾತು. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ ಸುತ್ತ ನೀರು ನಿಲ್ಲುವುದನ್ನು ಕಂಡೇ ಹಿಂದಿನವರು ಪ್ಲಿಂತ್, ಅಂದರೆ ಕಟ್ಟಡ ನಿಂತಿರುವ ಕಟ್ಟೆ, ಎತ್ತರಿಸಿದ್ದು.

ನೀರು ತುಂಬಿದ ಪೈಪು ಹಿಡಿದು ಕಟ್ಟಡದ ಸುತ್ತ ಲೆವೆಲ್ ನೋಡಿದೆವು. ಪಕ್ಕದ ಕಾಂಪೌಂಡಿನ ನೆಲ ರಸ್ತೆಗಿಂತ ಎತ್ತರ. ಅಲ್ಲಿನ ಸಣ್ಣ ಬಾಗಿಲಿಗೆ ಬರೀ 150 ಮಿ.ಮೀ. ಏರು, 1.8 ಮೀಟರ್ ರ‍್ಯಾಂಪ್ ಸಾಕು! ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದು.

ಕಟ್ಟಡದ ಹೌಸಿಂಗ್ ಸೊಸೈಟಿ ಒಪ್ಪಿಗೆ ಪತ್ರ ಕೊಟ್ಟಿತು. ಬಾಗಿಲು ಅಗಲ ಮಾಡುವುದಕ್ಕೆ ಹೆಚ್ಚು ದಿನ ಹಿಡಿಯಿತು. ಟೈಲ್ಸ್, ಗಿಲಾವು, ಬಣ್ಣಕ್ಕೆ ಮುಂಬೈಯಲ್ಲಿ ಪಾಲಿಕೆಯ ಅನುಮತಿ ಬೇಡ, ಭಾರ ಹೊರುವ ಗೋಡೆ ಕತ್ತರಿಸುವುದಕ್ಕೆ ಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ, ಬಾಗಿಲಿನ ಮೇಲೆ ಗೋಡೆಯ ಭಾರ ಹೊರುವ ಲಿಂಟೆಲ್ ತೊಲೆ ಬರೆದುಕೊಟ್ಟ ಮೇಲೆಯೇ ಸುತ್ತಿಗೆ ಎತ್ತಿದೆವು. ಬಡಗಿಗೆ “ಮೂರಡಿ ಬಾಗಿಲು” ಅಂತ ಹೇಳಬೇಡಿ, ಚೌಕಟ್ಟು ಮತ್ತು ತೆರೆದ ಕದ ಸೇರಿ ನಾಲ್ಕು ಇಂಚು ತಿಂದುಬಿಡುತ್ತವೆ. ಕದ ತೆರೆದಾಗ 900 ಮಿ.ಮೀ. ದಾರಿ ಉಳಿಯಬೇಕು ಅನ್ನಿ.

ಇದೆಲ್ಲ ಸರ್ಕಾರಿ ಕಟ್ಟಡಕ್ಕೆ ಮಾತ್ರ ಅಂತ ನಮ್ಮ ಎಷ್ಟೋ ಹೋಟೆಲಿನವರು ತಿಳಿದಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಜನ ಬಂದುಹೋಗುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ.

ಆ ಹಿರಿಯರು ಈಗ ಮಗಳ ಜೊತೆ ಪಕ್ಕದ ಬಾಗಿಲಿಂದ ಬರುತ್ತಾರೆ. ಅವರ ಮೇಜಿನ ಒಂದು ಬೆಂಚು ತೆಗೆಸಿದ್ದೇವೆ. ಕೈ ತೊಳೆಯುವ ಬೇಸಿನ್ ಇನ್ನೂ ಎತ್ತರದಲ್ಲಿದೆ. ದೀಪಾವಳಿಗೆ ಹೋಟೆಲ್ ಮುಚ್ಚಿದಾಗ ಅದನ್ನು ಇಳಿಸುತ್ತೇವೆ.