1937ರ ಪುಟ್ಟ ಟಾಕೀಸು, 1:48 ಅಳತೆಯಲ್ಲಿ: ಪ್ರೊಜೆಕ್ಟರ್ ರೂಮಿನವರೆಗೆ ಬಂತು

ಗೋಡೆ ಎದ್ದಿದೆ. ಮುಂಭಾಗಕ್ಕೆ ಬಣ್ಣ ಆಗಿದೆ. ಪರದೆ ಕೂತಿದೆ. ಕುರ್ಚಿಗಳು ಇನ್ನೂ ಅರ್ಧಂಬರ್ಧ.

ಹೊಸದಾಗಿ ಓದುವವರಿಗೆ: ಇದು ಅಮೆರಿಕದ ದಕ್ಷಿಣ ಭಾಗದ ಒಂದು ಸಣ್ಣ ಊರಿನ ಟಾಕೀಸಿನ ಮಾಡೆಲ್. ಇಂಥದ್ದೇ ಕಟ್ಟಡ ಅಂತ ನಕಲು ಮಾಡುತ್ತಿಲ್ಲ. ಆ ಕಾಲದ ಊರಿನ ಟಾಕೀಸುಗಳಲ್ಲಿ ಸಾಮಾನ್ಯವಾಗಿ ಏನೇನಿರುತ್ತಿತ್ತೋ ಅದನ್ನೆಲ್ಲ ಸೇರಿಸಿ ಕಟ್ಟುತ್ತಿದ್ದೇನೆ. ಕಾಲು ಇಂಚಿಗೆ ಒಂದು ಅಡಿ ಲೆಕ್ಕ. ಸಾಮಾನು ಅಂದರೆ ಫೋಮ್ ಬೋರ್ಡು, ಐಸ್‌ಕ್ರೀಂ ಕಡ್ಡಿ, ಕಟರ್, ಫೆವಿಕಾಲ್.

ಮೊದಲು ಪರದೆ. ಅಗಲ 18 ಅಡಿ ಅಂತ ಇಟ್ಟುಕೊಂಡೆ, ಅಂದರೆ ಮಾಡೆಲ್‌ನಲ್ಲಿ ನಾಲ್ಕೂವರೆ ಇಂಚು. ಎತ್ತರ ಸುಮಾರು ಮೂರೂಕಾಲು. ನೋಡಿದವರೆಲ್ಲ "ಹಳೇ ಟಿವಿ ಥರ ಇದೆಯಲ್ಲ" ಅಂತಾರೆ. ಹಾಗೇ ಇರಬೇಕು. ಆಗಿನ ಚಿತ್ರದ ಚೌಕಟ್ಟು 1.37ಕ್ಕೆ 1. ಅಗಲ ಚಿತ್ರದ ಸಿನಿಮಾಸ್ಕೋಪ್ ಬಂದದ್ದು 1953ರಲ್ಲಿ. ಸ್ಪೀಕರ್ ಪರದೆಯ ಹಿಂದೆ ಇರುತ್ತಿತ್ತು, ಸದ್ದು ಹೊರಗೆ ಬರಲಿ ಅಂತ ಪರದೆ ತುಂಬಾ ಸಣ್ಣ ಸಣ್ಣ ತೂತು. ಸೂಜಿ ಹಿಡಿದು ಶುರು ಮಾಡಿದೆ. ಒಂದು ಸಾಲಿಗೇ ಸಾಕಾಯ್ತು, ಬಿಟ್ಟೆ.

ಬಾಗಿಲ ಮೇಲಿನ ಬೋರ್ಡಿಗೆ ಜಾಸ್ತಿ ಸಮಯ ಹಿಡಿಯಿತು. ಹಾಲುಬಣ್ಣದ ಗಾಜು, ಹಿಂದಿನಿಂದ ಬೆಳಕು, ಮುಂದೆ ಕಪ್ಪು ಅಕ್ಷರ. ಅಕ್ಷರಗಳನ್ನು ಅಂಟಿಸಿಬಿಡೋಣ ಅಂತ ಆಸೆಯಾಯ್ತು, ಆದರೆ ತೆಗೆದು ಹಾಕುವ ಹಾಗೇ ಮಾಡಿದೆ. ಯಾಕೆಂದರೆ ಇಂಥ ಟಾಕೀಸಿನಲ್ಲಿ ವಾರಕ್ಕೆ ಎರಡು ಮೂರು ಸಲ ಚಿತ್ರ ಬದಲಾಗುತ್ತಿತ್ತು. ಹೊಸ ಚಿತ್ರ ಮೊದಲು ದೊಡ್ಡ ಊರಿನ ಅರಮನೆಯಂಥ ಥಿಯೇಟರಿಗೆ ಹೋಗಬೇಕು. ಅವುಗಳಲ್ಲಿ ಎಷ್ಟೋ ಪ್ಯಾರಾಮೌಂಟ್, ಲೋಸ್, ಫಾಕ್ಸ್, ವಾರ್ನರ್, ಆರ್‌ಕೆಒ ಕಂಪನಿಗಳ ಸ್ವಂತದ್ದು. ಅಲ್ಲಿ ಓಡಿ ಮುಗಿದ ಮೇಲೆ, ವಾರಗಳೋ ತಿಂಗಳುಗಳೋ ಕಳೆದು, ಕಡಿಮೆ ಟಿಕೆಟ್ಟಿಗೆ ಊರಿನ ಟಾಕೀಸಿಗೆ ಬರುತ್ತಿತ್ತು. ಅದೂ ಸುಮ್ನೆ ಬರಲ್ಲ. ಸ್ಟಾರ್ ಇರುವ ಒಂದು ಚಿತ್ರ ಬೇಕು ಅಂದರೆ ಅದರ ಜೊತೆ ಇನ್ನೊಂದಿಷ್ಟು ಚಿತ್ರಗಳನ್ನು ನೋಡದೆಯೇ ಒಪ್ಪಿಕೊಳ್ಳಬೇಕಿತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬರುವವರೆಗೂ ಈ ದರ್ಬಾರು ನಡೆಯಿತು. ಸಣ್ಣ ಮಾಲೀಕ ಪದೇ ಪದೇ ಏಣಿ ಹತ್ತಿ ಅಕ್ಷರ ಬದಲಿಸದೆ ಇನ್ನೇನು ಮಾಡ್ತಾನೆ!

ಲಾಬಿ ಇಕ್ಕಟ್ಟಾಗಿದೆ, ಬೇಕಂತಲೇ. ಮೊದಲೆಲ್ಲ ಪಾಪ್‌ಕಾರ್ನ್ ಅಂದರೆ ಬೀದಿ ತಿಂಡಿ, ಒಳಗೆ ತಂದರೆ ಕಾರ್ಪೆಟ್ ಹಾಳು ಅಂತ ಮಾಲೀಕರು ಮೂಗು ಮುರಿಯುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಟಿಕೆಟ್ ದುಡ್ಡು ಸಾಲದೆ ಹೋದಾಗ ಅದೇ ಕೈ ಹಿಡಿಯಿತು. ಹೀಗಾಗಿ ಹಳೆಯ ಲಾಬಿಯಲ್ಲಿ ಪಾಪ್‌ಕಾರ್ನ್ ಯಂತ್ರಕ್ಕೆ ಅಂತ ಜಾಗವೇ ಇರಲಿಲ್ಲ, ಎಲ್ಲೋ ಒಂದು ಮೂಲೆಗೆ ತುರುಕುತ್ತಿದ್ದರು. ನಾನೂ ತುರುಕಿದ್ದೇನೆ. ಎದುರಿಗೆ ಪಿಂಗಾಣಿ ತಟ್ಟೆ, ಕಪ್-ಸಾಸರುಗಳ ಒಂದು ಪೂರ್ತಿ ಸೆಟ್. ಜನ ಕಡಿಮೆ ಬರುವ ದಿನ ಟಿಕೆಟ್ ತಗೊಂಡ ಹೆಂಗಸರಿಗೆ ಒಂದು ಪಾತ್ರೆ ಪುಕ್ಕಟೆ. ಈ ವಾರ ತಟ್ಟೆ, ಮುಂದಿನ ವಾರ ಸಾಸರು. ಸೆಟ್ ಪೂರ್ತಿ ಆಗಬೇಕಾದರೆ ಚಿತ್ರ ಹೇಗಿದ್ದರೂ ವಾರಾವಾರ ಬರಲೇಬೇಕು. ಕತ್ತಲಲ್ಲಿ ಯಾರದೋ ಮಡಿಲಿಂದ ತಟ್ಟೆ ಜಾರಿ ಬಿದ್ದ ಸದ್ದು ಆ ಕಾಲದ ಎಷ್ಟೋ ಜನರ ನೆನಪಿನಲ್ಲಿದೆ.

ಟಿಕೆಟ್ ಕಿಟಕಿಯ ಪಕ್ಕ ಷೋ ಟೈಮ್ ಬೋರ್ಡು ಇಡಲಿಲ್ಲ. ನಮಗೆ ಮ್ಯಾಟಿನಿ, ಫಸ್ಟ್ ಷೋ, ಸೆಕೆಂಡ್ ಷೋ ಅಂತ ಲೆಕ್ಕ, ಅಲ್ವಾ? ಅಲ್ಲಿ ಹಾಗಲ್ಲ. ನ್ಯೂಸ್ ರೀಲು, ಕಾರ್ಟೂನು, ಒಂದು ಸಣ್ಣ ಹಾಸ್ಯ, ಆಮೇಲೆ ದೊಡ್ಡ ಚಿತ್ರ, ಎಷ್ಟೋ ಕಡೆ ಅದರ ಜೊತೆ ಇನ್ನೊಂದು ಚಿತ್ರ. ಮುಗಿದ ಕೂಡಲೇ ಮತ್ತೆ ಮೊದಲಿಂದ. ಜನ ಯಾವಾಗ ಬೇಕೋ ಆಗ ಒಳಗೆ ಬರುತ್ತಿದ್ದರು. ಕ್ಲೈಮ್ಯಾಕ್ಸ್ ಮೊದಲು ನೋಡಿ, ಆಮೇಲೆ ಕಥೆಯ ಶುರು ನೋಡಿ, ತಾವು ಬಂದ ಸೀನು ಬಂದಾಗ ಎದ್ದು ಹೋಗುತ್ತಿದ್ದರು. ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದರೆ ಹುಚ್ಚು ಅಂದುಕೊಳ್ತೀವಿ. ಅದಕ್ಕೇ ನನ್ನ ಗೊಂಬೆಗಳಲ್ಲಿ ಕೆಲವರು ಕೂತಿದ್ದಾರೆ, ಕೆಲವರು ಸಾಲಿನ ನಡುವೆ ತೂರುತ್ತಿದ್ದಾರೆ. ಟಾರ್ಚು ಹಿಡಿದ ಹುಡುಗ ಒಬ್ಬರಿಗೆ ಸೀಟು ತೋರಿಸುತ್ತಿದ್ದಾನೆ.

ಈಗ ಪ್ರೊಜೆಕ್ಟರ್ ರೂಮು. ನನಗೆ ತುಂಬಾ ಇಷ್ಟವಾದ ಭಾಗ. ಆಗಿನ ಫಿಲ್ಮು ನೈಟ್ರೇಟ್ ಅನ್ನುವ ಬೇಗ ಹೊತ್ತಿಕೊಳ್ಳುವ ವಸ್ತುವಿನದು. ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಉರಿಯುತ್ತದೆ, ಉರಿಯಲು ಬೇಕಾದ ಆಮ್ಲಜನಕ ಅದರಲ್ಲೇ ಇದೆ. ಅದರ ಪಕ್ಕದಲ್ಲೇ ಕಾರ್ಬನ್ ಕಡ್ಡಿಗಳ ನಡುವೆ ಹಾರುವ ಕರೆಂಟಿನ ಕಿಡಿಯಿಂದಲೇ ಬೆಳಕು! ಹಾಗಾಗಿ ಈ ರೂಮು ಕಟ್ಟಡದೊಳಗೇ ಒಂದು ಪ್ರತ್ಯೇಕ ಪೆಟ್ಟಿಗೆ. ಬೆಂಕಿ ತಡೆಯುವ ಗೋಡೆ, ಪ್ರತಿ ಕಿಂಡಿಗೂ ಮೇಲಿಂದ ತೂಗುವ ಉಕ್ಕಿನ ಮುಚ್ಚಳ. ಮುಚ್ಚಳ ಹಿಡಿದ ಸರಪಳಿಯಲ್ಲಿ ಬೇಗ ಕರಗುವ ಲೋಹದ ಒಂದು ತುಂಡು. ಬಿಸಿ ಏರಿತೋ, ತುಂಡು ಕರಗಿ ಮುಚ್ಚಳ ತಾನಾಗಿ ದಪ್ ಅಂತ ಬೀಳುತ್ತದೆ. ಮಾಡೆಲ್‌ನಲ್ಲಿ ದಾರ ಎಳೆದರೆ ಮುಚ್ಚಳಗಳು ಬೀಳುತ್ತವೆ. ಮನೆಗೆ ಬಂದವರೆಲ್ಲ ಅದನ್ನೇ ಎಳೆಯೋದು.

ಪ್ರೊಜೆಕ್ಟರ್ ಎರಡು ಬೇಕೇ ಬೇಕು. 2000 ಅಡಿಯ ರೀಲು ನಿಮಿಷಕ್ಕೆ 90 ಅಡಿಯಂತೆ ಓಡಿ 22 ನಿಮಿಷದಲ್ಲಿ ಖಾಲಿ. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ, ಆಪರೇಟರ್ ಎರಡನೇ ಯಂತ್ರದ ಮೋಟಾರು ಶುರು ಮಾಡುತ್ತಾನೆ. ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ಚುಕ್ಕೆ, ಆಗ ಬೆಳಕು ಬದಲಿಸಬೇಕು. ಸರಿಯಾಗಿ ಮಾಡಿದರೆ ಕೆಳಗೆ ಕೂತವರಿಗೆ ಗೊತ್ತೇ ಆಗಲ್ಲ. ಎರಡು ಎಲ್‌ಇಡಿ, ಒಂದು ಸ್ವಿಚ್ ಹಾಕಿ ಇದನ್ನೇ ಮಾಡಿ ನೋಡುವ ಯೋಚನೆ ಇದೆ.

ಇನ್ನು ಪಕ್ಕದ ಮೆಟ್ಟಿಲು. ದಕ್ಷಿಣದ ಊರು ಅಂತ ತೀರ್ಮಾನಿಸಿದ ಮೇಲೆ ಇದನ್ನು ಬಿಡುವ ಹಾಗಿಲ್ಲ. ಕರಿಯರಿಗೆ ಮುಂಬಾಗಿಲು ಇರಲಿಲ್ಲ. ಬೇರೆ ಟಿಕೆಟ್ ಕಿಟಕಿ, ಪಕ್ಕದ ಗಲ್ಲಿಯಿಂದ ಬೇರೆ ಮೆಟ್ಟಿಲು, ಕೂರೋದು ಮೇಲಿನ ಬಾಲ್ಕನಿಯಲ್ಲಿ ಮಾತ್ರ. 1929ರಲ್ಲಿ ತೆರೆದ ಅಟ್ಲಾಂಟಾದ ಫಾಕ್ಸ್ ಥಿಯೇಟರಿನಂಥ ಭವ್ಯ ಕಟ್ಟಡಕ್ಕೂ ಹೊರಗಿನಿಂದ ಇಂಥ ಮೆಟ್ಟಿಲಿತ್ತು. ನಮಗೆ ಬಾಲ್ಕನಿ ಅಂದರೆ ಜಾಸ್ತಿ ದುಡ್ಡಿನ ಸೀಟು, ಅದಕ್ಕೇ ಈ ವಿಷಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕು. ಕಾನೂನು ಇದನ್ನು ನಿಲ್ಲಿಸಿದ್ದು 1964ರಲ್ಲಿ. ಅಂದರೆ ನನ್ನ ಲಾಬಿಯ ಪಾಪ್‌ಕಾರ್ನು, ಪಿಂಗಾಣಿ ಸೆಟ್ಟು ಯಾವುದೂ ಮೇಲೆ ಕೂತವರ ಕಣ್ಣಿಗೂ ಬೀಳಲ್ಲ. ಅವರ ದಾರಿಯೇ ಬೇರೆ. ಅಂದದ ಮುಂಭಾಗ ಮಾತ್ರ ಮಾಡಿ ನಿಲ್ಲಿಸುವ ಮಾಡೆಲ್‌ಗಳು ನನಗೆ ಈಗ ಹಿಡಿಸಲ್ಲ. ಹಾಗಾಗಿ ಗಲ್ಲಿಯನ್ನೂ ಸೇರಿಸಿ ಅಡಿಹಲಗೆಯನ್ನು ಎರಡು ಇಂಚು ದೊಡ್ಡದು ಮಾಡಿದೆ.

ಮೆಟ್ಟಿಲಿನ ಕಂಬಿಗೆ ತಾಮ್ರದ ತಂತಿ ತಂದಿಟ್ಟಿದ್ದೇನೆ. ಮೊದಲು ಅದು, ಆಮೇಲೆ ಬಾಲ್ಕನಿಯ ಬೆಂಚುಗಳು. ವೈರಿಂಗ್ ಮುಗಿಯೋವರೆಗೆ ಛಾವಣಿ ಮುಚ್ಚಲ್ಲ.